ಪಾತ್ರದ ಬಾಳಿಕೆ: ತೆಂಗಿನ ಸೀಮೆಯ ‘ಕುರುಕ್ಷೇತ್ರ’ ಮತ್ತು ಅಭಿಮಾನಿಗಳ ಮರುಸೃಷ್ಟಿ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯು ಬಹುಮಟ್ಟಿಗೆ ಕಂಪನಿಗಳ, ಅವುಗಳ ಮಾಲೀಕರ, ನಾಟಕಕಾರರ ಹಾಗೂ ಹೆಸರಾಂತ ನಟನಟಿಯರ ಚರಿತ್ರೆಯಾಗಿ ರೂಪುಗೊಂಡಿದೆ. ಟಿಕೆಟ್ಟು ಕೊಂಡು ಕುಳಿತ ಪ್ರೇಕ್ಷಕನು ಈ ಚರಿತ್ರೆಯಲ್ಲಿ ಚಪ್ಪಾಳೆಯಾಗಿ, ‘ಒನ್ಸ್ ಮೋರ್’ ಎಂಬ ಕೂಗಾಗಿ, ಹೆಚ್ಚೆಂದರೆ ಗಲ್ಲಾಪೆಟ್ಟಿಗೆಯ ಲೆಕ್ಕವಾಗಿ ಕಾಣಿಸಿಕೊಳ್ಳುತ್ತಾನೆ. ಆಟ ಮುಗಿದು ಕಂಪನಿಯು ಗುಡಾರ ಕಿತ್ತು ಮುಂದಿನ ಊರಿಗೆ ಹೊರಟ ಮೇಲೆ ಆ ಪ್ರೇಕ್ಷಕ ತಾನು ಕಂಡದ್ದನ್ನು ಏನು ಮಾಡಿದ ಎಂಬ ಪ್ರಶ್ನೆ ರಂಗಚರಿತ್ರೆಯ ಪುಟಗಳಲ್ಲಿ ವಿರಳ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆಗೆ ವರ್ಷವರ್ಷವೂ ರಂಗದ ಮೇಲೆಯೇ ಉತ್ತರ ದೊರೆಯುತ್ತದೆ. ಅಲ್ಲಿನ ಪ್ರೇಕ್ಷಕ ತಾನು ಮೆಚ್ಚಿದ ಆಟವನ್ನು ತಾನೇ ಆಡಿದ. ಆಡುವಾಗ ಅದನ್ನು ತನಗೆ ಬೇಕಾದಂತೆ ಮತ್ತೆ ಕಟ್ಟಿದ. ಜಾತ್ರೆ, ಹಬ್ಬಗಳಲ್ಲಿ ಇಡೀ ರಾತ್ರಿ ನಡೆಯುವ ಗ್ರಾಮೀಣ ‘ಕುರುಕ್ಷೇತ್ರ’ ನಾಟಕವು ಇಂತಹ ಮರುಸೃಷ್ಟಿಯ ಫಲ.

ಜನಪ್ರಿಯ ಕಥನವೊಂದರ ಅಭಿಮಾನಿಗಳು ಅದನ್ನು ತಾವೇ ತಿದ್ದಿ, ಬೆಳೆಸಿ, ಮತ್ತೆ ಹೇಳುವ ಪ್ರವೃತ್ತಿಯು ಪಶ್ಚಿಮದಲ್ಲಿ ಕಳೆದ ಕೆಲವು ದಶಕಗಳಿಂದ ಪ್ರತ್ಯೇಕ ಅಧ್ಯಯನದ ವಿಷಯವಾಗಿದೆ. ಹೆನ್ರಿ ಜೆಂಕಿನ್ಸ್ ಅವರು 1992ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಫ್ರೆಂಚ್ ಚಿಂತಕ ಮಿಷೆಲ್ ದ ಸರ್ತೋ ಅವರ ರೂಪಕವೊಂದನ್ನು ಬಳಸಿಕೊಂಡು, ಇಂತಹ ಅಭಿಮಾನಿಗಳನ್ನು ಪರರ ಕಾಡಿನಲ್ಲಿ ಕದ್ದು ಬೇಟೆಯಾಡುವವರಿಗೆ ಹೋಲಿಸಿದರು. ಈ ಅಧ್ಯಯನಗಳು ಮತ್ತೆ ಮತ್ತೆ ಎತ್ತಿಕೊಳ್ಳುವ ನಿದರ್ಶನಗಳಲ್ಲಿ ಬ್ರಿಟನ್ನಿನ ಬಿಬಿಸಿ ಸಂಸ್ಥೆಯು 1963ರಲ್ಲಿ ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ದೂರದರ್ಶನ ಸರಣಿಯೂ ಒಂದು. ಆ ಸರಣಿಯ ವಾರ್ಷಿಕೋತ್ಸವದ ವಿಶೇಷ ಕಂತುಗಳನ್ನು ಅದರ ಅಭಿಮಾನಿಗಳು ಮರುಕಲ್ಪಿಸಿಕೊಂಡ ಬಗೆಯನ್ನು ತೆಂಗಿನ ಸೀಮೆಯ ‘ಕುರುಕ್ಷೇತ್ರ’ದ ಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಎರಡೂ ಒಂದೇ ಎಂದು ಸಾಧಿಸುವುದು ಇಲ್ಲಿನ ಗುರಿಯಲ್ಲ. ಮರುಸೃಷ್ಟಿಯ ಸ್ವಾತಂತ್ರ್ಯ ಯಾವ ಪಾತ್ರಕ್ಕೆ ದೊರೆಯುತ್ತದೆ, ಯಾವ ಪಾತ್ರಕ್ಕೆ ದೊರೆಯುವುದಿಲ್ಲ ಎಂಬುದನ್ನು ಗುರುತಿಸಲು ಈ ಹೋಲಿಕೆ ನೆರವಾಗುತ್ತದೆ.

ಸೀಮೆ ಮತ್ತು ಆಟ

ಬೆಂಗಳೂರು–ಹೊನ್ನಾವರ ರಸ್ತೆಯಲ್ಲಿ ತುಮಕೂರು ದಾಟಿದ ಮೇಲೆ ಸಿಗುವ ಗುಬ್ಬಿ, ಕನ್ನಡ ರಂಗಭೂಮಿಯ ಭೂಪಟದಲ್ಲಿ ಪ್ರತ್ಯೇಕ ಪರಿಚಯ ಬೇಡದ ಊರು. 1884ರಲ್ಲಿ ಸ್ಥಾಪನೆಗೊಂಡ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಮುಂದೆ ಗುಬ್ಬಿ ವೀರಣ್ಣನವರ (1891–1972) ನೇತೃತ್ವದಲ್ಲಿ ನಾಡಿನ ಉದ್ದಗಲಕ್ಕೂ ಸಂಚರಿಸಿತು. 1934ರಲ್ಲಿ ಆ ಕಂಪನಿ ಪ್ರಯೋಗಿಸಿದ ‘ಕುರುಕ್ಷೇತ್ರ’ವು ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಅದ್ಧೂರಿತನಕ್ಕಾಗಿ ಇಂದಿಗೂ ಸ್ಮರಣೀಯವಾಗಿದೆ. ಗುಬ್ಬಿಯ ನೆರೆಯ ತಾಲ್ಲೂಕುಗಳ ಹಳ್ಳಿಗಳಿಗೆ ಈ ವೈಭವವು ದೂರದ ಸುದ್ದಿಯಾಗಿರಲಿಲ್ಲ. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಟಿ.ಆರ್. ನರಸಿಂಹರಾಜು ಬಾಲ್ಯದಲ್ಲೇ ನಾಟಕ ಕಂಪನಿ ಸೇರಿ, ಗುಬ್ಬಿ ಕಂಪನಿಯಲ್ಲಿ ನಟಿಸಿ, 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರು. ನೋಡುವವನು ಆಡುವವನಾಗುವ ದಾರಿ ಈ ಸೀಮೆಯಲ್ಲಿ ಎಷ್ಟು ಹತ್ತಿರದ್ದಾಗಿತ್ತು ಎಂಬುದಕ್ಕೆ ಅವರ ಜೀವನ ಒಂದು ನಿದರ್ಶನ.

ಕಂಪನಿ ನಾಟಕವು ಬರಿಯ ನೆಲದಲ್ಲಿ ಬಂದು ಬೇರೂರಿದ್ದಲ್ಲ ಎಂಬುದನ್ನೂ ಗಮನಿಸಬೇಕು. ಜೀ.ಶಂ. ಪರಮಶಿವಯ್ಯ ಮೊದಲಾದ ವಿದ್ವಾಂಸರು ಮೂಡಲಪಾಯ ಯಕ್ಷಗಾನವೆಂದು ಗುರುತಿಸಿದ ಬಯಲಾಟವು ತುಮಕೂರು, ಹಾಸನ, ಮಂಡ್ಯ ಭಾಗಗಳಲ್ಲಿ ಮೊದಲೇ ಬೇರುಬಿಟ್ಟಿತ್ತು. ಭಾಗವತರ ಹಾಡು, ಮುಖವೀಣೆ, ಮದ್ದಳೆಗಳೊಂದಿಗೆ ರೈತಾಪಿ ಜನರು ಭಾರತ, ರಾಮಾಯಣದ ಪ್ರಸಂಗಗಳನ್ನು ಬೆಳತನಕ ಆಡುತ್ತಿದ್ದರು. ಕಂಪನಿ ನಾಟಕದ ಪರದೆ, ಹಾರ್ಮೋನಿಯಂ, ಕಂದಪದ್ಯ, ಗದ್ಯ ಸಂಭಾಷಣೆಗಳು ಈ ಹಳೆಯ ಅಭ್ಯಾಸದ ಮೇಲೆ ಬಂದು ಕೂತವು. ಆಡುವವರು ಅದೇ ಹಳ್ಳಿಗರು, ಆಡುವ ಕಾಲ ಅದೇ ಜಾತ್ರೆಯ ರಾತ್ರಿ, ಕಥೆ ಅದೇ ಭಾರತ. ಬದಲಾದದ್ದು ಮುಖ್ಯವಾಗಿ ಮಾದರಿ. ಭಾಗವತರ ಜಾಗಕ್ಕೆ ಹಾರ್ಮೋನಿಯಂ ಮೇಷ್ಟ್ರು ಬಂದರು. ಅಟ್ಟದ ಜಾಗಕ್ಕೆ ಬಾಡಿಗೆಯ ‘ಡ್ರಾಮಾ ಸೀನರಿ’ ಬಂತು.

ಈ ಆಟದ ಹಿಂದಿನ ಆರ್ಥಿಕತೆಯೂ ಸೀಮೆಗೆ ವಿಶಿಷ್ಟವಾದುದು. ಇಲ್ಲಿಯ ಮುಖ್ಯ ಉತ್ಪನ್ನ ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಇಂಗುವವರೆಗೆ ಎಂಟರಿಂದ ಹನ್ನೆರಡು ತಿಂಗಳು ಕಾಯಬೇಕು. ಆಮೇಲೆ ಸುಲಿದು, ಒಡೆದು, ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಒಯ್ಯಬೇಕು. ದೀರ್ಘಕಾಲ ಕಾದು ಒಮ್ಮೆಗೇ ಹಣ ಕಾಣುವ ಈ ಬೇಸಾಯದಲ್ಲಿ, ಬೇಸಗೆಯ ಜಾತ್ರೆಗೆ ಕೂಡಿಟ್ಟು ಖರ್ಚು ಮಾಡುವ ರೂಢಿ ಸಹಜವಾಗಿ ಬೆಳೆದಿದೆ. ತಿಪಟೂರಿನ ಕೆಂಪಮ್ಮ, ದಂಡಿನಶಿವರದ ಹೊನ್ನಾದೇವಿ ಮೊದಲಾದ ದೇವತೆಗಳ ಜಾತ್ರೆಗಳು ಈ ಸೀಮೆಯ ವರ್ಷವನ್ನು ಅಳೆಯುತ್ತವೆ. ಊರಹಬ್ಬದ ‘ಕುರುಕ್ಷೇತ್ರ’ವು ಆ ಅರ್ಥದಲ್ಲಿ ಒಂದು ವಾರ್ಷಿಕ ವಿಶೇಷ. ಕಥೆ ಎಲ್ಲರಿಗೂ ಗೊತ್ತಿರುವಂತಹದೇ. ಈ ವರ್ಷ ಅದನ್ನು ಯಾರು, ಹೇಗೆ ಆಡುತ್ತಾರೆ ಎಂಬುದಷ್ಟೇ ಕುತೂಹಲ.

ಪಠ್ಯದ ಸ್ವರೂಪ

ಗ್ರಾಮೀಣ ‘ಕುರುಕ್ಷೇತ್ರ’ಕ್ಕೆ ಒಂದು ಮೂಲಪಠ್ಯವನ್ನು ಹುಡುಕ ಹೊರಟವರಿಗೆ ನಿರಾಶೆಯಾಗುತ್ತದೆ. ಮುದ್ರಿತ ನಾಟಕ ಪುಸ್ತಕಗಳು ಲಭ್ಯವಿದ್ದರೂ ತಾಲೀಮಿನಲ್ಲಿ ಬಳಕೆಯಾಗುವುದು ಮೇಷ್ಟ್ರ ಬಳಿಯಿರುವ ಕೈಬರಹದ ಪುಸ್ತಕ. ಅದರಲ್ಲಿ ಒಂದು ಪುಸ್ತಕದ ಸಂಭಾಷಣೆ, ಮತ್ತೊಂದರ ಕಂದ, ಬೇರೊಂದು ಪೌರಾಣಿಕ ನಾಟಕದ ಮಟ್ಟು, ಚಲನಚಿತ್ರವೊಂದರ ಧಾಟಿ ಎಲ್ಲವೂ ಸೇರಿಕೊಂಡಿರುತ್ತವೆ. ಎರಡು ಮೂರು ತಿಂಗಳ ತಾಲೀಮಿನಲ್ಲಿ ಪಾತ್ರಧಾರಿಯ ಕಂಠ, ನೆನಪಿನ ಶಕ್ತಿ, ಆಸೆಗಳಿಗೆ ತಕ್ಕಂತೆ ಈ ಪಠ್ಯ ಹಿಗ್ಗುತ್ತದೆ, ಕುಗ್ಗುತ್ತದೆ. ಚೆನ್ನಾಗಿ ಹಾಡಬಲ್ಲ ಕರ್ಣ ದೊರೆತ ವರ್ಷ ಕರ್ಣ–ಕುಂತಿಯರ ಭೇಟಿ ಉದ್ದವಾಗುತ್ತದೆ. ಶಕುನಿಯ ಪಾತ್ರಕ್ಕೆ ಮಾತುಗಾರ ಸಿಕ್ಕರೆ ಪಗಡೆಯ ದೃಶ್ಯಕ್ಕೆ ಹೊಸ ಕಳೆ ಬರುತ್ತದೆ. ಹೀಗೆ ಪ್ರತಿ ಪ್ರಯೋಗವೂ ಒಂದು ಪಾಠಾಂತರ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಪಾಠಾಂತರಗಳು ಮಾತ್ರ ಇವೆ; ಶುದ್ಧಪಾಠವೆಂಬುದು ಇಲ್ಲ.

ಈ ಪಠ್ಯದ ಅತ್ಯಂತ ಕುತೂಹಲಕರ ಲಕ್ಷಣವೆಂದರೆ ಒಂದು ಪಾತ್ರವನ್ನು ಹಲವರು ಹಂಚಿಕೊಳ್ಳುವುದು. ಕರಪತ್ರಗಳಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಅನುಕ್ರಮವಾಗಿ ಹೆಸರುಗಳು ಅಚ್ಚಾಗಿರುತ್ತವೆ. ಆಸ್ಥಾನದಲ್ಲಿ ಕಾಣಿಸಿಕೊಂಡ ದುರ್ಯೋಧನ ಬೇರೆ, ವೈಶಂಪಾಯನ ಸರೋವರಕ್ಕೆ ಇಳಿಯುವ ದುರ್ಯೋಧನ ಬೇರೆ. ಒಬ್ಬನಿಂದ ಇಡೀ ರಾತ್ರಿ ಹಾಡಲಾಗದು ಎಂಬ ಅನುಕೂಲವೂ, ಪಾತ್ರ ಬಯಸುವವರು ಹೆಚ್ಚಿದ್ದಾರೆ ಎಂಬ ಅಗತ್ಯವೂ ಈ ಪದ್ಧತಿಯ ಹಿಂದೆ ಇವೆ. ಆದರೆ ಅದರ ರಂಗಪರಿಣಾಮ ಅನುಕೂಲಕ್ಕಿಂತ ಮಿಗಿಲಾದದ್ದು. ಮುಖ, ಮೈಕಟ್ಟು, ಕಂಠ ಎಲ್ಲವೂ ಬದಲಾದರೂ ಪ್ರೇಕ್ಷಕರು ಕ್ಷಣಮಾತ್ರವೂ ಗೊಂದಲಗೊಳ್ಳುವುದಿಲ್ಲ. ಕಿರೀಟ, ಗದೆ, ನಡಿಗೆಯ ಠೀವಿ ಇದ್ದರೆ ಸಾಕು, ಅವನು ದುರ್ಯೋಧನ. ಮೊದಲನೆಯವನಿಗೂ ಎರಡನೆಯವನಿಗೂ ಹೋಲಿಕೆ ನಡೆಯುತ್ತದೆ, ಪಕ್ಷಗಳೂ ಹುಟ್ಟುತ್ತವೆ. ಪಾತ್ರವು ನಟನಿಗಿಂತ ಮೊದಲೇ ಇತ್ತು, ಅವನ ನಂತರವೂ ಇರುತ್ತದೆ ಎಂಬ ತಿಳಿವು ಇಲ್ಲಿ ತತ್ತ್ವವಾಗಿ ಅಲ್ಲ, ರೂಢಿಯಾಗಿ ನೆಲೆಸಿದೆ.

ದುರ್ಯೋಧನನ ಪಕ್ಷ

ಮರುಸೃಷ್ಟಿಯ ದಿಕ್ಕು ಯಾವುದು ಎಂಬುದು ಮುಂದಿನ ಪ್ರಶ್ನೆ. ‘ಕುರುಕ್ಷೇತ್ರ’ದ ಕಥೆಯ ನ್ಯಾಯ ಪಾಂಡವರ ಕಡೆಗಿದೆ, ರಂಗದ ಒಲವು ಮಾತ್ರ ದುರ್ಯೋಧನನ ಕಡೆಗಿದೆ. ಕೃಷ್ಣನ ಪಾತ್ರದೊಂದಿಗೆ ಹೆಚ್ಚಿನ ಬೇಡಿಕೆಯಿರುವ ಪಾತ್ರ ಅದೇ. ಅವನ ಆಸ್ಥಾನಪ್ರವೇಶಕ್ಕೆ ಸಿಗುವ ಸ್ವಾಗತ ಧರ್ಮರಾಯನಿಗೆ ಸಿಗುವುದಿಲ್ಲ. ಸರೋವರದ ಬಳಿ ಒಬ್ಬಂಟಿಯಾಗಿ ತನ್ನವರನ್ನು ನೆನೆದು ಹಾಡುವ ದೃಶ್ಯಕ್ಕಾಗಿ ಪ್ರೇಕ್ಷಕರು ನಿದ್ದೆಗೆಟ್ಟು ಬೆಳಗಿನ ಜಾವದವರೆಗೆ ಕಾಯುತ್ತಾರೆ.

ಇದನ್ನು ಹಳ್ಳಿಗರ ಅಬ್ಬರಪ್ರಿಯತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಕನ್ನಡ ಕಾವ್ಯಪರಂಪರೆಯನ್ನು ಬಲ್ಲವರಿಗೆ ಈ ಒಲವು ಹೊಸದಲ್ಲ. ಕ್ರಿ.ಶ. 941ರ ಸುಮಾರಿಗೆ ಪಂಪನು ರಚಿಸಿದ ‘ವಿಕ್ರಮಾರ್ಜುನ ವಿಜಯ’ದ ಹದಿಮೂರನೆಯ ಆಶ್ವಾಸವನ್ನು ಆಧಾರವಾಗಿಟ್ಟುಕೊಂಡು, ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನನು ‘ಗದಾಯುದ್ಧ’ವನ್ನು ಕಟ್ಟಿದ. ಪಂಪನ ಕಾವ್ಯದ ಒಂದು ಭಾಗವನ್ನು ಎತ್ತಿಕೊಂಡು, ಹಿಂದಿನದೆಲ್ಲವನ್ನೂ ಸಿಂಹಾವಲೋಕನ ಕ್ರಮದಿಂದ ಅದರೊಳಗೆ ತಂದು, ಕೊನೆಯ ದಿನವನ್ನೇ ಇಡೀ ಭಾರತವಾಗಿಸಿದ ಈ ಕ್ರಮವು ಓದುಗನೊಬ್ಬನ ಮರುಸೃಷ್ಟಿಯೇ ಆಗಿದೆ. ರನ್ನನ ಕಥಾನಾಯಕ ಭೀಮ. ಆದರೆ ಕಾವ್ಯ ಮುಗಿದಾಗ ಓದುಗನ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಅದೇ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ಮಾರ್ಪಡಿಸಿ ಅದರ ದುರಂತದ ಅಂಶವನ್ನು ಮುಂದಕ್ಕೆ ತಂದರು. 2019ರಲ್ಲಿ ತೆರೆಕಂಡ ‘ಕುರುಕ್ಷೇತ್ರ’ ಚಲನಚಿತ್ರವೂ ರನ್ನನ ಕಾವ್ಯವನ್ನು ಆಧಾರವೆಂದು ಹೇಳಿಕೊಂಡು ದುರ್ಯೋಧನನನ್ನೇ ಕೇಂದ್ರದಲ್ಲಿರಿಸಿತು. ಪಂಡಿತರ ಕಾವ್ಯ, ವಿಶ್ವವಿದ್ಯಾಲಯದ ನಾಟಕ, ಹಳ್ಳಿಯ ಆಟ, ತಾರಾಮೌಲ್ಯದ ಚಲನಚಿತ್ರ ಇವು ನಾಲ್ಕೂ ಒಂದೇ ಪಾತ್ರದ ಪಕ್ಷ ವಹಿಸಿರುವುದು ಆಕಸ್ಮಿಕವಾಗಿರಲಾರದು.

‘ಅಭಿಮಾನಿ’ ಎಂಬ ಶಬ್ದವೇ ಇಲ್ಲಿ ಒಂದು ಸುಳಿವು ಕೊಡುತ್ತದೆ. ಕಲಾವಿದನನ್ನು ಮೆಚ್ಚುವವನನ್ನು ಕನ್ನಡವು ಅಭಿಮಾನಿ ಎನ್ನುತ್ತದೆ. ತನ್ನ ಮಾನವನ್ನು ಬಿಟ್ಟುಕೊಡದವನನ್ನೂ ಅಭಿಮಾನಿ ಎಂದೇ ಕರೆಯುತ್ತದೆ. ಕನ್ನಡ ಕಾವ್ಯವು ದುರ್ಯೋಧನನಲ್ಲಿ ಗುರುತಿಸಿದ ಮುಖ್ಯ ಗುಣಗಳು ಛಲ ಮತ್ತು ಅಭಿಮಾನ. ಮಳೆ ಕೈಕೊಟ್ಟಾಗ, ಬೆಲೆ ಕುಸಿದಾಗ ಸೋಲನ್ನು ಬಲ್ಲ ರೈತನೊಬ್ಬ ವರ್ಷಕ್ಕೊಮ್ಮೆ ಕಿರೀಟ ಧರಿಸಿ, ಸೋತರೂ ತಲೆಬಾಗದ ಅರಸನಾಗಿ ತನ್ನ ಊರಿನವರ ಎದುರು ನಿಲ್ಲುತ್ತಾನೆ. ಇಲ್ಲಿ ಶಬ್ದದ ಎರಡು ಅರ್ಥಗಳೂ ಒಂದಾಗುತ್ತವೆ. ಕಥೆಯ ಅಂತ್ಯವನ್ನು ಅವನು ಬದಲಾಯಿಸುವುದಿಲ್ಲ, ತೊಡೆ ಮುರಿಯಲೇಬೇಕು. ಬದಲಾಗುವುದು ಘಟನೆಯಲ್ಲ, ಅದಕ್ಕೆ ಕೊಟ್ಟ ಹೊತ್ತು ಮತ್ತು ಹಾಡು. ಗ್ರಾಮೀಣ ಮರುಸೃಷ್ಟಿಯ ಮೂಲ ಉಪಾಯವೇ ಇದು: ಕಥೆಯನ್ನು ಮುಟ್ಟದೆ ಅದರ ತೂಕವನ್ನು ಬದಲಾಯಿಸುವುದು.

ಐವತ್ತನೆಯ ವರ್ಷದ ವಿಶೇಷ

ಈ ಉಪಾಯದ ವೈಶಿಷ್ಟ್ಯ ಸ್ಪಷ್ಟವಾಗಬೇಕಾದರೆ ಇದಕ್ಕಿಂತ ಭಿನ್ನವಾದ ಮರುಸೃಷ್ಟಿಯೊಂದನ್ನು ಎದುರಿಗಿಡಬೇಕು. ಆರಂಭದಲ್ಲಿ ಹೆಸರಿಸಿದ ‘ಡಾಕ್ಟರ್ ಹೂ’ ಸರಣಿಯ ನಾಯಕ ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸಬಲ್ಲ ಅನ್ಯಲೋಕದವನು. ಮೊದಲ ನಟ ವಿಲಿಯಂ ಹಾರ್ಟ್ನೆಲ್ 1966ರಲ್ಲಿ ನಿರ್ಗಮಿಸಿದಾಗ, ಈ ನಾಯಕನು ಸಾಯುವ ಬದಲು ಹೊಸ ದೇಹ ತಾಳುತ್ತಾನೆಂಬ ಕಲ್ಪನೆಯಿಂದ ಸರಣಿ ಮುಂದುವರಿಯಿತು. ಒಂದನೇ ಡಾಕ್ಟರ್, ಎರಡನೇ ಡಾಕ್ಟರ್ ಎಂಬ ಎಣಿಕೆ ಅಲ್ಲಿಯೂ ರೂಢಿಗೆ ಬಂತು. ಹತ್ತನೆಯ ವರ್ಷದ ಆಚರಣೆಗೆಂದು ಮೂವರು, ಇಪ್ಪತ್ತನೆಯ ವರ್ಷದಲ್ಲಿ ಐವರು ಡಾಕ್ಟರುಗಳನ್ನು ಒಂದೇ ಕಥೆಗೆ ಸೇರಿಸಲಾಯಿತು. 1983ರ ಆ ‘ದಿ ಫೈವ್ ಡಾಕ್ಟರ್ಸ್’ ತಯಾರಾಗುವ ವೇಳೆಗೆ ಹಾರ್ಟ್ನೆಲ್ ತೀರಿಕೊಂಡಿದ್ದರು. ಅವರ ಸ್ಥಾನದಲ್ಲಿ ರಿಚರ್ಡ್ ಹರ್ನ್‌ಡಾಲ್ ಒಂದನೇ ಡಾಕ್ಟರ್ ಆದರು. ಟಾಮ್ ಬೇಕರ್ ಭಾಗವಹಿಸಲು ಒಪ್ಪದ ಕಾರಣ, ಅಪೂರ್ಣವಾಗಿ ನಿಂತಿದ್ದ ಹಳೆಯ ಕಥೆಯೊಂದರ ತುಣುಕನ್ನು ಬಳಸಿ ಅವರ ಕೊರತೆಯನ್ನು ತುಂಬಲಾಯಿತು. ತೆಂಗಿನ ಸೀಮೆಯ ಮೇಷ್ಟ್ರು ಎರಡನೇ ಕೃಷ್ಣನನ್ನು ಹೊಂದಿಸುವ ಜಾಣ್ಮೆಗೂ ಇದಕ್ಕೂ ಬಹಳ ದೂರವಿಲ್ಲ.

1989ರಲ್ಲಿ ಸರಣಿ ನಿಂತಿತು. ಮೂವತ್ತನೆಯ ವರ್ಷವಾದ 1993ಕ್ಕೆ ಯೋಜಿಸಿದ್ದ ವಿಶೇಷ ಚಿತ್ರ ರದ್ದಾಗಿ, ಸಹಾಯಾರ್ಥ ಕಾರ್ಯಕ್ರಮವೊಂದರ ಕಿರುದೃಶ್ಯಗಳಷ್ಟೇ ಉಳಿದವು. ಆ ನಡುಗಾಲದಲ್ಲಿ ಕಥೆಯನ್ನು ಉಳಿಸಿದವರಲ್ಲಿ ಅಭಿಮಾನಿಗಳ ಪಾತ್ರ ದೊಡ್ಡದು. ಅವರು ಕಾದಂಬರಿ ಬರೆದರು, ಧ್ವನಿನಾಟಕ ತಯಾರಿಸಿದರು. ಅದಕ್ಕೂ ಮೊದಲು ಸಂಸ್ಥೆಯು ಹಳೆಯ ಕಂತುಗಳ ಟೇಪುಗಳನ್ನು ಅಳಿಸಿಹಾಕಿದ್ದಾಗ, ಮನೆಯಲ್ಲಿ ಕುಳಿತು ಪ್ರಸಾರದ ಧ್ವನಿಯನ್ನು ಮುದ್ರಿಸಿಕೊಂಡಿದ್ದ ವೀಕ್ಷಕರಿಂದಲೇ ಆ ಕಂತುಗಳ ಧ್ವನಿ ಉಳಿದುಬಂದಿತ್ತು. 2005ರಲ್ಲಿ ಸರಣಿಯನ್ನು ಮತ್ತೆ ಆರಂಭಿಸಿದ ರಸೆಲ್ ಟಿ. ಡೇವಿಸ್, ಅವರ ನಂತರ ಬಂದ ಸ್ಟೀವನ್ ಮೊಫಾಟ್ ಇಬ್ಬರೂ ಬಾಲ್ಯದಿಂದ ಅದರ ಅಭಿಮಾನಿಗಳು. ನೋಡುವವನು ಆಡುವವನಾಗುವ ಪ್ರಕ್ರಿಯೆ ಅಲ್ಲಿಯೂ ನಡೆಯಿತು. ಆದರೆ ಅದಕ್ಕೆ ಮಾಲೀಕ ಸಂಸ್ಥೆಯ ಬಾಗಿಲು ತೆರೆಯಬೇಕಾಯಿತು.

ಮೊಫಾಟ್ ಬರೆದ ಐವತ್ತನೆಯ ವರ್ಷದ ವಿಶೇಷ ‘ದಿ ಡೇ ಆಫ್ ದ ಡಾಕ್ಟರ್’ 2013ರ ನವೆಂಬರ್ 23ರಂದು ಹಲವು ದೇಶಗಳಲ್ಲಿ ಏಕಕಾಲಕ್ಕೆ ಪ್ರಸಾರವಾಯಿತು. ನಾಯಕನು ಯುದ್ಧವನ್ನು ನಿಲ್ಲಿಸಲು ತನ್ನ ಲೋಕವನ್ನೇ ನಾಶಮಾಡಿದನೆಂಬುದು 2005ರಿಂದ ಸರಣಿಯ ಆಧಾರದುಃಖವಾಗಿತ್ತು. ಈ ವಿಶೇಷದಲ್ಲಿ ಅವನ ಹಲವು ರೂಪಗಳು ಕೂಡಿ ಆ ನಿರ್ಧಾರವನ್ನು ಬದಲಿಸುತ್ತವೆ. ಲೋಕ ಉಳಿಯುತ್ತದೆ, ಅದರ ನೆನಪು ಮಾತ್ರ ಅವನ ಹಿಂದಿನ ರೂಪಗಳಿಗೆ ಉಳಿಯುವುದಿಲ್ಲ. ಒಂಬತ್ತನೇ ಡಾಕ್ಟರ್ ಆಗಿದ್ದ ಕ್ರಿಸ್ಟೋಫರ್ ಎಕಲ್‌ಸ್ಟನ್ ಭಾಗವಹಿಸಲು ಒಪ್ಪದ ಕಾರಣ, ಹಿಂದೆಂದೂ ಕಾಣಿಸದ ಹೊಸ ರೂಪವೊಂದನ್ನು ಸೃಷ್ಟಿಸಿ ಆ ಪಾತ್ರವನ್ನು ಜಾನ್ ಹರ್ಟ್ ಅವರಿಗೆ ನೀಡಲಾಯಿತು. ಅಭಿಮಾನಿಗಳ ಮರುಕಲ್ಪನೆ ಹುಟ್ಟಿಕೊಂಡದ್ದು ಈ ಬಿರುಕಿನಲ್ಲಿಯೇ. ಒಂಬತ್ತನೆಯವನೇ ಬಂದಿದ್ದರೆ ಪಶ್ಚಾತ್ತಾಪದ ಬಣ್ಣ ಹೇಗಿರುತ್ತಿತ್ತು, ಎಂಟನೆಯವನಾದ ಪಾಲ್ ಮೆಕ್‌ಗ್ಯಾನ್ ಆ ಹೊಣೆ ಹೊತ್ತಿದ್ದರೆ ಕಥೆ ಯಾವ ದಿಕ್ಕು ಹಿಡಿಯುತ್ತಿತ್ತು ಎಂಬ ಊಹೆಗಳು ಬರಹಗಳಾಗಿ, ಚಿತ್ರಗಳಾಗಿ, ಮರುಸಂಕಲನಗಳಾಗಿ ಹೊರಬಂದವು. ವಿಶೇಷದಲ್ಲಿ ತಮಗೆ ಸೂಕ್ತ ಸ್ಥಾನ ದೊರೆಯದ ಹಿರಿಯ ನಟರೂ ಸುಮ್ಮನಿರಲಿಲ್ಲ. ಐದನೇ ಡಾಕ್ಟರ್ ಆಗಿದ್ದ ಪೀಟರ್ ಡೇವಿಸನ್ ತಾವೇ ಬರೆದು ನಿರ್ದೇಶಿಸಿದ ಹಾಸ್ಯಚಿತ್ರದಲ್ಲಿ, ಹಳೆಯ ಡಾಕ್ಟರುಗಳು ಆಚರಣೆಯೊಳಗೆ ಹೇಗಾದರೂ ನುಸುಳಲು ಹೆಣಗುವುದನ್ನೇ ವಸ್ತುವಾಗಿಸಿಕೊಂಡರು.

ಎರಡು ಮರುಸೃಷ್ಟಿಗಳ ವ್ಯತ್ಯಾಸ ಈಗ ಸ್ಪಷ್ಟವಾಗುತ್ತದೆ. ಆ ವಿಶೇಷ ಕಂತು, ಮತ್ತು ಅದನ್ನು ಮೀರಿಸಲು ಹೊರಟ ಊಹೆಗಳು, ನಡೆದುಹೋದದ್ದನ್ನು ಬದಲಿಸುವ ಮೂಲಕ ಸಾಂತ್ವನ ಪಡೆಯುತ್ತವೆ. ಆದರೆ ಮಾಡಿದ ಕೃತ್ಯವೇ ಮಾಡದಂತಾದರೆ, ಅದರ ಭಾರವನ್ನು ಇಷ್ಟು ವರ್ಷ ಹೊತ್ತ ಪಾತ್ರದ ಘನತೆ ಒಂದಿಷ್ಟು ಹಗುರವಾಗುತ್ತದೆ. ‘ಕುರುಕ್ಷೇತ್ರ’ದ ಅಭಿಮಾನಿಗೆ ಆ ಸಾಂತ್ವನವಿಲ್ಲ. ತಾನು ಮೆಚ್ಚಿದ ದುರ್ಯೋಧನ ಸಾಯುತ್ತಾನೆ ಎಂದು ತಿಳಿದೇ ಅವನು ಬಣ್ಣ ಹಚ್ಚುತ್ತಾನೆ. ಅಂತ್ಯವನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲದಿರುವುದರಿಂದ ಅವನ ಮರುಸೃಷ್ಟಿಗೆ ದುರಂತದ ಗಾಂಭೀರ್ಯ ದಕ್ಕುತ್ತದೆ.

ಗೋಮಾಳ ಮತ್ತು ಅದರ ಬೇಲಿ

ಕದ್ದು ಬೇಟೆಯಾಡುವುದೆಂಬ ರೂಪಕವು ತೆಂಗಿನ ಸೀಮೆಗೆ ಹೊಂದುವುದಿಲ್ಲ ಎಂಬುದನ್ನು ಇಷ್ಟರಿಂದ ಗ್ರಹಿಸಬಹುದು. ಆ ರೂಪಕಕ್ಕೆ ಕಾಡಿನ ಒಡೆಯನೊಬ್ಬ ಬೇಕು. ಬಿಬಿಸಿಯಂತಹ ಸಂಸ್ಥೆ ಇರುವಲ್ಲಿ ಅಧಿಕೃತ ಕಥೆ ಮತ್ತು ಅಭಿಮಾನಿಯ ಕಥೆ ಎಂಬ ಭೇದ ಇದ್ದೇ ಇರುತ್ತದೆ. ಭಾರತದ ಕಥೆಗೆ ಒಡೆಯನಿಲ್ಲ. ಕಂಪನಿಗಳ ಪಠ್ಯಗಳೂ ಹಳ್ಳಿಯ ಕೈಬರಹಗಳಲ್ಲಿ ತಮ್ಮ ಒಡೆತನವನ್ನು ಕಳೆದುಕೊಂಡಿವೆ. ಇಲ್ಲಿಗೆ ಒಪ್ಪುವ ರೂಪಕ ಗೋಮಾಳದ್ದು. ಊರಿನ ದನಗಳೆಲ್ಲ ಮೇಯಬಹುದಾದ, ಯಾರ ಹೆಸರಿಗೂ ಪಹಣಿಯಿಲ್ಲದ ನೆಲ ಅದು. ರನ್ನನೂ ಮೇಷ್ಟ್ರೂ ಒಂದೇ ಗೋಮಾಳಕ್ಕೆ ಬಂದವರು.

ಆದರೆ ಗೋಮಾಳವೂ ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ ಎಂಬುದು ಗ್ರಾಮಚರಿತ್ರೆಯನ್ನು ಬಲ್ಲವರಿಗೆ ತಿಳಿದ ಸಂಗತಿ. ಗ್ರಾಮೀಣ ‘ಕುರುಕ್ಷೇತ್ರ’ದ ಮೊದಲ ಬೇಲಿ ಹಣದ್ದು. ಸೀನರಿ, ವಸ್ತ್ರಾಲಂಕಾರ, ವಾದ್ಯ, ಮೇಷ್ಟ್ರ ಸಂಭಾವನೆ ಎಲ್ಲದರ ಖರ್ಚನ್ನೂ ಪಾತ್ರಧಾರಿಗಳೇ ಭರಿಸಬೇಕು. ಪಾತ್ರ ದೊಡ್ಡದಾದಷ್ಟೂ ಹಂಚಿಕೆ ದೊಡ್ಡದು. ಹೀಗಾಗಿ ಕೃಷ್ಣನಾಗುವ ಯೋಗ್ಯತೆ ಕಂಠದಿಂದ ಮಾತ್ರವಲ್ಲ, ತೋಟದ ವಿಸ್ತಾರದಿಂದಲೂ ನಿರ್ಧಾರವಾಗುತ್ತದೆ. ಹಾಡಬಲ್ಲ ಕೂಲಿಯವನು ದೂತನಾಗಿ, ಹಾಡಲಾರದ ಜಮೀನ್ದಾರನು ಅರ್ಜುನನಾಗಿ ನಿಲ್ಲುವ ಸಂದರ್ಭಗಳಿಗೆ ಈ ವ್ಯವಸ್ಥೆಯಲ್ಲೇ ಅವಕಾಶವಿದೆ. ಪಾತ್ರಹಂಚಿಕೆಯಲ್ಲಿ ಊರಿನ ಜಾತಿಶ್ರೇಣಿಯ ನೆರಳೂ ಬೀಳಬಲ್ಲದು. ಒಂದು ಪಾತ್ರವನ್ನು ಹಲವರು ಹಂಚಿಕೊಳ್ಳುವ ಪದ್ಧತಿಯು ಈ ಬೇಲಿಯನ್ನು ತುಸು ತಗ್ಗಿಸುತ್ತದೆ ಎಂಬುದನ್ನೂ ಒಪ್ಪಬೇಕು: ಇಡೀ ದುರ್ಯೋಧನನನ್ನು ಕೊಳ್ಳಲಾರದವನು ಅವನ ಕೊನೆಯ ದೃಶ್ಯವನ್ನಾದರೂ ಪಡೆಯಬಹುದು.

ಎರಡನೆಯ ಬೇಲಿ ಇನ್ನೂ ಎತ್ತರದ್ದು, ಮತ್ತು ಅದು ಕಣ್ಣಿಗೆ ಬೀಳುವುದು ಕಡಿಮೆ. ದ್ರೌಪದಿ, ಕುಂತಿ, ಉತ್ತರೆ, ರುಕ್ಮಿಣಿಯರು ಊರಿನವರಲ್ಲ. ಈ ಪಾತ್ರಗಳಿಗೆ ವೃತ್ತಿನಟಿಯರನ್ನು ಹೊರಗಿನಿಂದ ಸಂಭಾವನೆ ಕೊಟ್ಟು ಕರೆತರುವುದು ರೂಢಿ. ಆ ನಟಿಯರು ಇಂದು ಒಂದು ಊರು, ನಾಳೆ ಮತ್ತೊಂದು ಊರು ಎಂದು ಸಂಚರಿಸುತ್ತ, ಯಾವ ಮೇಷ್ಟ್ರ ಪಠ್ಯಕ್ಕೂ ಒಗ್ಗಿಕೊಳ್ಳುವಂತೆ ತಮ್ಮ ಮಾತು, ಹಾಡುಗಳನ್ನು ಕಂಠಸ್ಥ ಮಾಡಿಕೊಂಡಿರುತ್ತಾರೆ. ತಿಂಗಳುಗಟ್ಟಲೆಯ ತಾಲೀಮಿನಲ್ಲಿ ಅವರ ಸ್ಥಾನ ಖಾಲಿಯಿರುತ್ತದೆ. ಇದರ ಪರಿಣಾಮ ಪಠ್ಯದ ಮೇಲೆ ನೇರವಾಗಿ ಆಗಿದೆ. ಮರುಸೃಷ್ಟಿ ನಡೆಯುವುದು ತಾಲೀಮಿನಲ್ಲಿ. ತಾಲೀಮಿನಲ್ಲಿ ಇಲ್ಲದವರ ಪಾತ್ರಕ್ಕೆ ಮರುಸೃಷ್ಟಿಯೂ ಇಲ್ಲ. ದುರ್ಯೋಧನನ ದುಃಖ ವರ್ಷವರ್ಷವೂ ಬೆಳೆಯುತ್ತ ಹೋದಾಗ ದ್ರೌಪದಿಯ ಪ್ರಶ್ನೆ ಇದ್ದಲ್ಲೇ ಉಳಿಯುತ್ತದೆ. ಇಡೀ ಪ್ರಯೋಗದಲ್ಲಿ ನಟನಾಭ್ಯಾಸವುಳ್ಳ ವೃತ್ತಿಪರರು ಬಹುಮಟ್ಟಿಗೆ ಈ ಸ್ತ್ರೀಯರೇ ಆಗಿದ್ದರೂ, ಕಥೆಯನ್ನು ತಿದ್ದುವ ಅಧಿಕಾರ ಹವ್ಯಾಸಿ ಪುರುಷರಲ್ಲಿ ಉಳಿದಿರುವುದು ಈ ರಂಗಭೂಮಿಯ ದೊಡ್ಡ ವಿರೋಧಾಭಾಸ.

ಇದು ಅನಿವಾರ್ಯವೇನೂ ಅಲ್ಲ. ಗುಬ್ಬಿ ಕಂಪನಿಯಲ್ಲಿಯೂ ದುಡಿದಿದ್ದ ಆರ್. ನಾಗರತ್ನಮ್ಮನವರು ಮುಂದೆ ಸ್ತ್ರೀಯರೇ ಇರುವ ನಾಟಕ ಮಂಡಳಿಯನ್ನು ಕಟ್ಟಿ, ಪೌರಾಣಿಕ ನಾಟಕಗಳ ವೀರ ಪುರುಷಪಾತ್ರಗಳನ್ನು ಸ್ವತಃ ನಿರ್ವಹಿಸಿ ಹೆಸರಾದರು. ಇತ್ತೀಚಿನ ವರ್ಷಗಳಲ್ಲಿ ಮಹಿಳೆಯರೇ ಎಲ್ಲ ಪಾತ್ರಗಳನ್ನೂ ವಹಿಸಿದ ‘ಕುರುಕ್ಷೇತ್ರ’ ಪ್ರಯೋಗಗಳೂ ರಾಜ್ಯದಲ್ಲಿ ನಡೆದಿವೆ. ಈ ಬೆಳವಣಿಗೆ ಸ್ವಾಗತಾರ್ಹವಾದರೂ ಅದನ್ನು ವಿವೇಚನೆಯಿಂದ ನೋಡಬೇಕು. ಸ್ತ್ರೀಯೊಬ್ಬಳು ದುರ್ಯೋಧನನ ಕಿರೀಟ ಧರಿಸುವುದು ಒಂದು ಹೆಜ್ಜೆ. ದ್ರೌಪದಿಯ ದೃಶ್ಯಕ್ಕೆ ಸರೋವರದ ದೃಶ್ಯದಷ್ಟೇ ಹೊತ್ತು ದೊರೆಯುವುದು ಬೇರೆಯದೇ ಹೆಜ್ಜೆ. 2017ರಲ್ಲಿ ‘ಡಾಕ್ಟರ್ ಹೂ’ ಸರಣಿಯ ನಾಯಕಪಾತ್ರಕ್ಕೆ ಜೋಡಿ ವಿಟ್ಟೇಕರ್ ಎಂಬ ನಟಿಯನ್ನು ಆರಿಸಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿ ಸಂಸ್ಥೆಯ ಒಂದು ತೀರ್ಮಾನದಿಂದ ಬಾಗಿಲು ತೆರೆಯಿತು. ಒಡೆಯನಿಲ್ಲದ ಗೋಮಾಳದಲ್ಲಿ ಹಾಗೆ ತೆರೆಯುವ ಬಾಗಿಲಿಲ್ಲ; ಬೇಲಿಯನ್ನು ಊರೇ ಕೀಳಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಒಂದು, ಗ್ರಾಮೀಣ ಪೌರಾಣಿಕ ನಾಟಕವನ್ನು ವೃತ್ತಿರಂಗಭೂಮಿಯ ಅಳಿದುಳಿದ ನಕಲೆಂದು ಕಾಣುವುದು ಸರಿಯಲ್ಲ. ಅಭಿಮಾನವು ಸೃಷ್ಟಿಶೀಲವಾದಾಗ ಹುಟ್ಟುವ ಸ್ವತಂತ್ರ ರೂಪವದು. ಅದರ ವಂಶವೃಕ್ಷದಲ್ಲಿ ಗುಬ್ಬಿ ಕಂಪನಿಯ ಜತೆಗೆ ಮೂಡಲಪಾಯವೂ, ರನ್ನನ ಕಾವ್ಯವೂ ಇವೆ. ಎರಡು, ಅಭಿಮಾನಿಗಳ ಮರುಸೃಷ್ಟಿ ಎಂಬುದು ದೂರದರ್ಶನದ ಕಾಲದ ಹೊಸ ಸಂಗತಿಯಲ್ಲ. ಆದರೆ ಒಡೆತನವಿರುವ ಕಥೆಯಲ್ಲಿ ಅದು ಘಟನೆಯನ್ನು ಬದಲಿಸುವ ಕಡೆಗೂ, ಒಡೆತನವಿಲ್ಲದ ಕಥೆಯಲ್ಲಿ ತೂಕವನ್ನು ಬದಲಿಸುವ ಕಡೆಗೂ ಒಲಿಯುತ್ತದೆ. ಮೂರು, ಒಡೆಯನಿಲ್ಲದಿರುವುದೇ ಸ್ವಾತಂತ್ರ್ಯವಲ್ಲ. ತಾಲೀಮಿನ ಮನೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಯಾರ ದುಃಖ ಹಾಡಾಗುತ್ತದೆ ಎಂಬುದು ನಿಂತಿದೆ.

ಈ ಕ್ಷೇತ್ರದಲ್ಲಿ ಮುಂದೆ ನಡೆಯಬೇಕಾದ ಕೆಲಸವೂ ಇದರಿಂದಲೇ ಹೊಳೆಯುತ್ತದೆ. ಮೇಷ್ಟ್ರುಗಳ ಕೈಬರಹದ ಪುಸ್ತಕಗಳು, ಊರೂರಿನ ಕರಪತ್ರಗಳು, ಪಾತ್ರಹಂಚಿಕೆಯ ಲೆಕ್ಕದ ಹಾಳೆಗಳು ಈ ರಂಗಭೂಮಿಯ ನಿಜವಾದ ದಾಖಲೆಗಳು. ಜಾತ್ರೆ ಮುಗಿದ ಮರುದಿನ ಕರಪತ್ರ ಕಸವಾಗುತ್ತದೆ. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಪುಸ್ತಕ ಗೆದ್ದಲಿಗೆ ಸೇರುತ್ತದೆ. ಮನೆಮನೆಯ ವೀಕ್ಷಕರು ಮುದ್ರಿಸಿಕೊಂಡ ಧ್ವನಿಯಿಂದ ಬ್ರಿಟನ್ನಿನ ಸರಣಿಯೊಂದರ ಕಳೆದ ಕಂತುಗಳು ಕಿವಿಗಾದರೂ ಉಳಿದವು. ತೆಂಗಿನ ಸೀಮೆಯಲ್ಲಿ ಅಂತಹ ಸಂಗ್ರಹ ಆಗಬೇಕಾದರೆ ಪ್ರತಿ ಪಾಠಾಂತರವನ್ನೂ ಪ್ರತ್ಯೇಕವಾಗಿ ಕಾಪಿಡುವ ಕ್ರಮ ಬೇಕು. ಅವುಗಳನ್ನು ಒಂದು ಶುದ್ಧಪಾಠಕ್ಕೆ ಇಳಿಸುವ ಆತುರ ಬೇಡ. ಸಂಚಾರಿ ನಟಿಯರ ನೆನಪಿನಲ್ಲಿರುವ ಪಠ್ಯವನ್ನು ಮೊದಲು ಬರೆದುಕೊಳ್ಳಬೇಕು. ಹತ್ತಾರು ಊರುಗಳ ‘ಕುರುಕ್ಷೇತ್ರ’ವನ್ನು ಒಳಗಿನಿಂದ ಕಂಡು ಹೋಲಿಸಿ ನೋಡಬಲ್ಲವರು ಅವರು. ಊರಿನ ದುರ್ಯೋಧನನಿಗೆ ತನ್ನ ಊರಿನ ಆಟವಷ್ಟೇ ಗೊತ್ತು. ಹೊರಗಿನಿಂದ ಬಂದ ದ್ರೌಪದಿಗೆ ಇಡೀ ಸೀಮೆಯ ಆಟ ಗೊತ್ತು.